ದಿಲ್ಲಿಯಲ್ಲಿ ಆಡದೆ ಉಳಿದ ಮಾತು

ಹೋದ ವರ್ಷ ನನ್ನನ್ನು ಪಕ್ಷದಿಂದ ತೆಗೆದುಹಾಕಿದರು. ತೆಗೆದುಹಾಕುವಷ್ಟು ಜನ ನಮ್ಮ ಪಕ್ಷದಲ್ಲಿ ಇನ್ನೂ ಉಳಿದಿದ್ದಾರೆ ಎಂದು ನನಗೆ ತಿಳಿದದ್ದೇ ಆಗ. ಶಿಸ್ತು ಮುರಿದೆ ಎಂದು ಕಾರಣ ಕೊಟ್ಟರು. ನಾನು ಮಾಡಿದ್ದು ಇಷ್ಟೇ. ಪಿರಿಯಾಪಟ್ಟಣ ತಾಲ್ಲೂಕಿನ ಕಾಡಂಚಿನ ಒಂದು ಆದಿವಾಸಿ ಹಾಡಿಯ ಗ್ರಾಮಸಭೆಯಲ್ಲಿ ಎದ್ದು ನಿಂತು, ‘ನಿಮ್ಮ ಮಾತನ್ನು ಪಾರ್ಲಿಮೆಂಟಿನಲ್ಲಿ ಆಡಿದ್ದೇನೆ ಎಂದು ಹೇಳಿದ್ದೆನಲ್ಲ, ಅದು ಸುಳ್ಳು’ ಎಂದೆ.

ನನಗೆ ಪಶ್ಚಾತ್ತಾಪ ಇದೆ. ಆದರೆ ಅದು ಸಲ್ಲಬೇಕಾದದ್ದು ಆ ಹಾಡಿಯ ಜನಕ್ಕೆ. ಪಕ್ಷದವರಿಗಲ್ಲ, ಈಗ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಮುಖ ತಿರುಗಿಸುವವರಿಗೂ ಅಲ್ಲ. ಅವರು ಮುಖ ಎತ್ತ ಬೇಕಾದರೂ ತಿರುಗಿಸಿಕೊಳ್ಳಲಿ.

ನನ್ನ ಊರು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಕಡೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಹೊಗೆಸೊಪ್ಪಿನ ಬೇಸಾಯಕ್ಕೆ ಬಿದ್ದವನು. ಹೊಗೆಸೊಪ್ಪು ಬೆಳೆಯುವವನ ಜೀವವೆಲ್ಲ ಬ್ಯಾರನ್ನಿನಲ್ಲಿ ಇರುತ್ತದೆ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲಾಗಿ ಏರಿಸಿ, ಕೆಳಗೆ ಸೌದೆಯ ಬೆಂಕಿ ಕೊಟ್ಟು ಹದ ಮಾಡುವ ಎತ್ತರದ ಕೋಣೆ ಅದು. ಕಾವು ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರಾಗಿಯೇ ಉಳಿಯುತ್ತದೆ, ಎರಡನ್ನೂ ಹರಾಜಿನಲ್ಲಿ ಕೇಳುವವರಿಲ್ಲ. ಲೈಸೆನ್ಸ್ ಇಲ್ಲದ ಬೆಳೆಗಾರರ ಸೊಪ್ಪನ್ನೂ ಕೊಳ್ಳಬೇಕು ಎಂದು ಒಂದು ಕಾಲದಲ್ಲಿ ನಾವು ದೊಡ್ಡ ಗಲಾಟೆ ಮಾಡಿದೆವು. ನಮ್ಮ ಪಕ್ಷ ಹುಟ್ಟಿದ್ದು ಆ ಗಲಾಟೆಯಲ್ಲಿ. ನನಗೆ ಮೈಕಿನಲ್ಲಿ ಮಾತಾಡಲು ಬರುತ್ತಿತ್ತು, ಅದಕ್ಕೇ ನನ್ನನ್ನು ಲೋಕಸಭೆಗೆ ನಿಲ್ಲಿಸಿದರು. ಎರಡು ದೊಡ್ಡ ಪಕ್ಷಗಳ ಹುರಿಯಾಳುಗಳು ಒಬ್ಬರನ್ನೊಬ್ಬರು ಸೋಲಿಸುವುದರಲ್ಲಿ ಮುಳುಗಿದ್ದರು. ಇಬ್ಬರೂ ಸೋತರು. ನಡುವೆ ನಿಂತಿದ್ದ ನಾನು ಎಂಪಿಯಾದೆ.

ಇಡೀ ಚುನಾವಣೆಯನ್ನು ಒಂದೇ ಜೀಪಿನಲ್ಲಿ ಮುಗಿಸಿದೆವು. ಜೀಪು ಹುಣಸೂರಿನ ಮರಗೆಲಸದ ಭಾಯಿಯದು. ಬಾಗಿಲು, ಕಿಟಕಿ, ಮಂಚ ಮಾಡುವ ಅಂಗಡಿ ಅವನದು. ನನಗೆ ಸ್ಕೂಲಿನಿಂದ ಗೆಳೆಯ. ಓಡಿಸುವವನೂ ಅವನೇ, ದಾರಿಯಲ್ಲಿ ನನ್ನ ಭಾಷಣ ತಿದ್ದುವವನೂ ಅವನೇ.

“ನೀನು ದೇವ್ರಿಗೆ ನಮಸ್ಕಾರ ಹಾಕೋದ್ರಲ್ಲೇ ಅರ್ಧ ಗಂಟೆ ಕಳೀತೀಯ ಕಣೋ. ಜನ ಎದ್ದೋದ್ಮೇಲೆ ವಿಷ್ಯಕ್ ಬತ್ತೀಯ,” ಎನ್ನುತ್ತಿದ್ದ.

ಅವನು ಹೇಳುತ್ತಿದ್ದದ್ದು ನಿಜ. ನಮ್ಮ ಕಡೆ ಸಭೆಯಲ್ಲಿ ಮಾತಾಡಲು ಎದ್ದವನು ಮೊದಲು ವೇದಿಕೆಯ ಮೇಲಿರುವವರನ್ನು ಒಬ್ಬೊಬ್ಬರಾಗಿ ನೆನೆಯಬೇಕು. ಆಮೇಲೆ ಮುಂದಿನ ಸಾಲಿನ ಹಿರಿಯರು, ಊರಿನ ಯಜಮಾನರು, ತಾಯಂದಿರು. ಹೊಸ ಅಗ್ರಹಾರದ ಸಭೆಯಲ್ಲಿ ಒಬ್ಬರ ಹೆಸರು ಬಿಟ್ಟು ಹೋಯಿತೆಂದು ಅವರು ಮೈಕಿನ ವೈರನ್ನೇ ಕಿತ್ತು ನಡೆದಿದ್ದರು. ಆ ಅಭ್ಯಾಸ ನನ್ನ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು.

ಆ ಹಾಡಿಗೆ ಹೋದದ್ದು ಪ್ರಚಾರದ ಕೊನೆಯಲ್ಲಿ. ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಕಾಡು ಶುರುವಾಗುವ ಕಡೆ, ರಸ್ತೆಯ ಪಕ್ಕದಲ್ಲೇ ಗುಡಿಸಲುಗಳು. ಜೇನುಕುರುಬರು. ಕಾಡೊಳಗಿದ್ದವರನ್ನು ಅರಣ್ಯ ಇಲಾಖೆಯವರು ಹೊರಗೆ ತಂದು ಅಲ್ಲಿ ಕೂರಿಸಿದ್ದರು. ಕೊಡಗಿನ ಕಾಫಿ ತೋಟಕ್ಕೆ, ನಮ್ಮ ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಅಲ್ಲಿ ಒಬ್ಬ ಹೆಂಗಸು ಇದ್ದಳು, ನನ್ನದೇ ವಯಸ್ಸು. ಹಾಡಿಯ ಮಾತನ್ನು ಹೊರಗಿನವರಿಗೆ ಹೇಳುವವಳು ಅವಳೇ. ಎಲ್ಲರೂ ಯಜಮಾನಿ ಎನ್ನುತ್ತಿದ್ದರು. ನನಗೂ ಅವಳ ತಂದೆಯ ಕಾಲದಿಂದ ಪರಿಚಯ.

ರಸ್ತೆ, ಕರೆಂಟು, ಬೋರ್‌ವೆಲ್ ಎಂದು ನಾನು ಹೇಳುತ್ತಾ ಹೋದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

“ರಸ್ತೆ ಬ್ಯಾಡ ಬುದ್ಧಿ. ನಮ್ಮನ್ನ ಹೊರಕ್ಕೆ ತಂದದ್ದೇ ಈ ರಸ್ತೆ. ನಮ್ ದೇವ್ರು, ನಮ್ ಹಿರೀಕ್ರು ಎಲ್ಲಾ ಒಳಗೇ ಅವ್ರೆ. ಅಲ್ಲಿ ನಾವು ಇದ್ವಿ ಅಂತ ಒಂದು ಮಾತು ಆ ದೊಡ್ಡ ಮನೇಲಿ ಆಡಿ. ಅಷ್ಟು ಸಾಕು.”

“ಆಡ್ತೀನಿ,” ಎಂದೆ. ಎಷ್ಟು ಸುಲಭದ ಬೇಡಿಕೆ ಎಂದು ಜೀಪಿನಲ್ಲಿ ಭಾಯಿಗೆ ಹೇಳಿದ್ದೂ ನೆನಪಿದೆ.

ದಿಲ್ಲಿಯಲ್ಲಿ ಒಬ್ಬನೇ ಎಂಪಿ ಇರುವ ಪಕ್ಷಕ್ಕೆ ಪಕ್ಷದ ಲೆಕ್ಕವೇ ಇಲ್ಲ. ನಮ್ಮಂಥವರನ್ನೆಲ್ಲ ‘ಇತರರು’ ಎಂದು ಒಂದು ಗುಂಪಿಗೆ ಸೇರಿಸಿರುತ್ತಾರೆ. ಕೂರುವುದು ಹಿಂದಿನ ಸಾಲು. ದೊಡ್ಡವರೆಲ್ಲ ಮಾತಾಡಿ, ಊಟಕ್ಕೆ ಎದ್ದು ಹೋಗಿ, ಬಂದು, ಮತ್ತೆ ಮಾತಾಡಿದ ಮೇಲೆ ನಮಗೆ ಎರಡು ಮೂರು ನಿಮಿಷ ಸಿಗುತ್ತದೆ. ಕನ್ನಡದಲ್ಲಿ ಮಾತಾಡುವುದಾದರೆ ಮೊದಲೇ ತಿಳಿಸಿರಬೇಕು, ಆಗ ಭಾಷಾಂತರ ಮಾಡುವವರನ್ನು ಕೂರಿಸುತ್ತಾರೆ. ನಾನು ತಿಳಿಸಿದ್ದೆ. ನನ್ನ ಸರದಿ ಬಂದ ದಿನ ಭಾಯಿಯೂ ದಿಲ್ಲಿಗೆ ಬಂದಿದ್ದ. ಮೇಲಿನ ಗ್ಯಾಲರಿಯಲ್ಲಿ ಇಸ್ತ್ರಿ ಅಂಗಿ ಹಾಕಿ ಕೂತಿದ್ದ.

ಎದ್ದು ನಿಂತೆ. ಹೊಗೆಸೊಪ್ಪಿನದು ಮೊದಲು, ಹಾಡಿಯದು ಆಮೇಲೆ ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಆದರೆ ಬಾಯಿ ತೆರೆದರೆ ಬಂದದ್ದು ನಮಸ್ಕಾರ. ಪೀಠಕ್ಕೆ ನಮಸ್ಕಾರ, ಸದನದ ಹಿರಿಯರಿಗೆ ನಮಸ್ಕಾರ, ನನ್ನನ್ನು ಕಳಿಸಿದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಮಹಾಜನರಿಗೆ ನಮಸ್ಕಾರ, ಓಟು ಹಾಕದಿದ್ದರೂ ನೆರೆಯವರಾದ್ದರಿಂದ ಎಚ್.ಡಿ. ಕೋಟೆಯವರಿಗೂ ಒಂದು. ಹಾರನಹಳ್ಳಿ ಹೋಬಳಿಯನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆಂದು ಅದನ್ನೂ ಹೇಳಿದೆ. ಆಮೇಲೆ ಹೊಗೆಸೊಪ್ಪು. ಲೈಸೆನ್ಸಿನ ಕಷ್ಟ ಹೇಳಿ ಮುಗಿಸಿ, ‘ಇನ್ನೊಂದು ವಿಷಯ’ ಎನ್ನುವಷ್ಟರಲ್ಲಿ ಗಂಟೆ ಹೊಡೆದರು. ‘ಕಾಡಿನ...’ ಎಂದೆ. ಮೈಕು ಆರಿತ್ತು. ಪಕ್ಕದ ರಾಜ್ಯದ ಮೆಂಬರು ಆಗಲೇ ಮಾತು ಶುರು ಮಾಡಿದ್ದರು.

ಹೊರಗೆ ಬಂದಾಗ ಭಾಯಿ, “ಏನ್ ಎಂಪಿ, ಇಲ್ಲೂ ಹೋಬ್ಳೀಗೆಲ್ಲ ನಮಸ್ಕಾರ ಹೇಳ್ಬಿಟ್ಯಲ್ಲ,” ಎಂದು ನಕ್ಕ. ನಾನೂ ನಕ್ಕೆ.

ಗಂಟೆಯ ಮೇಲೆ ಹೊರಿಸಿ ಈ ಬರಹವನ್ನು ಇಲ್ಲಿಗೇ ಮುಗಿಸಬಹುದು. ಹೊರಿಸುವುದಿಲ್ಲ. ಹೊಗೆಸೊಪ್ಪನ್ನು ಮೊದಲು ಇಟ್ಟವನು ನಾನು. ಯಾಕೆಂದರೆ ಓಟು ಇದ್ದದ್ದು ಆ ಕಡೆ. ಆಮೇಲೂ ಅಧಿವೇಶನಗಳು ನಡೆದವು, ನಾನು ಮತ್ತೆ ಹೆಸರು ಕೊಡಲಿಲ್ಲ. ನನ್ನ ಹೊಗೆಸೊಪ್ಪಿನ ಭಾಷಣ ಮೈಸೂರಿನ ಪೇಪರುಗಳಲ್ಲಿ ಬಂದಿತ್ತು, ಊರಲ್ಲಿ ಹಾರ ಬಿದ್ದಿತ್ತು. ಹಾಡಿಯ ವಿಷಯ ಎತ್ತಿದರೆ, ‘ಇವನು ಕಾಡಿನವರ ಪರ, ನಾಳೆ ನಮ್ಮ ಸೌದೆಗೇ ಸಂಚಕಾರ’ ಎಂದು ನಮ್ಮ ಬೆಳೆಗಾರರೇ ಮುನಿಸಿಕೊಳ್ಳುತ್ತಾರೆ ಎಂಬ ಅಳುಕೂ ಇತ್ತು. ಇದು ನನ್ನ ಪಾರ್ಲಿಮೆಂಟಿನ ಪೂರ್ತಿ ಕತೆ. ಒಂದು ಭಾಷಣ, ಅದರಲ್ಲಿ ಅರ್ಧ ನಮಸ್ಕಾರ.

ಸುಳ್ಳು ಹುಟ್ಟಿದ್ದು ಊರಿಗೆ ಬಂದ ಮೇಲೆ. ಕೊಡಗಿನ ಕಡೆ ಯಾವುದೋ ಮದುವೆಗೆ ಹೋಗುವಾಗ ಯಜಮಾನಿ ರಸ್ತೆಗೆ ಬಂದು ಜೀಪು ನಿಲ್ಲಿಸಿದಳು. ಹಿಂದೆ ಹಾಡಿಯೆಲ್ಲ ನಿಂತಿತ್ತು.

“ನಮ್ ಮಾತು ಆಡಿದ್ರಾ ಬುದ್ಧಿ?”

“ಆಡಿದೆ,” ಎಂದೆ.

ಸ್ಟಿಯರಿಂಗ್ ಹಿಡಿದಿದ್ದ ಭಾಯಿ ನನ್ನ ಮುಖ ನೋಡಲಿಲ್ಲ. ಗೇರು ಹಾಕಿದ.

ಆ ಲೋಕಸಭೆ ಅರ್ಧಕ್ಕೇ ಮುಗಿಯಿತು. ಮುಂದಿನ ಚುನಾವಣೆಯಲ್ಲಿ ಠೇವಣಿ ಹೋಯಿತು. ನಾನು ಬ್ಯಾರನ್ನಿಗೆ ವಾಪಸಾದೆ.

ನಮ್ಮ ಕಡೆಯ ಕಾಡಿನ ಜನಕ್ಕೆ ಕುಂಡೆ ಹಬ್ಬ ಎಂದು ಒಂದಿದೆ. ಆ ದಿನ ವೇಷ ಹಾಕಿ, ಡಬ್ಬ ಬಡಿಯುತ್ತ, ಯಾರನ್ನು ಬೇಕಾದರೂ ಬಾಯಿಗೆ ಬಂದಂತೆ ಬಯ್ಯಬಹುದು. ದೇವರನ್ನೂ ಬಿಡುವುದಿಲ್ಲ. ಕಾರು ಬಸ್ಸು ಅಡ್ಡಗಟ್ಟಿ, ಸಾಹುಕಾರನೋ ಪೊಲೀಸೋ ನೋಡದೆ, ಹಾಡು ಕಟ್ಟಿ ಬಯ್ಯುತ್ತಾರೆ. ಬೈಸಿಕೊಂಡವರು ಕೋಪಿಸಿಕೊಳ್ಳುವಂತಿಲ್ಲ, ನಕ್ಕು ಕಾಸು ಕೊಟ್ಟು ಮುಂದೆ ಹೋಗಬೇಕು. ಎಂಪಿ ಆಗುವ ಮೊದಲು ನಾನೂ ಆ ರಸ್ತೆಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ನಮ್ಮ ಜಾತಿ, ನಮ್ಮ ಹೊಟ್ಟೆ, ನಮ್ಮ ಬ್ಯಾರನ್ನಿನ ಹೊಗೆ, ಏನನ್ನೂ ಬಿಟ್ಟಿರಲಿಲ್ಲ.

ನಾನು ‘ಆಡಿದೆ’ ಎಂದ ಮೇಲಿನ ಹಬ್ಬದಲ್ಲಿ ಜೀಪು ನಿಲ್ಲಿಸಿದ ಹುಡುಗರು ಒಳಗೆ ಬಗ್ಗಿ ನೋಡಿದರು. ಒಬ್ಬ ಬಾಯಿ ತೆರೆದ. ಇನ್ನೊಬ್ಬ ಅವನ ಹೆಗಲು ಹಿಡಿದು ಎಳೆದ.

“ಇವ್ರನ್ನ ಬುಡ್ಲಾ. ನಮ್ ಮಾತ ಆಡ್ದೋರು ಇವ್ರು.”

ಡಬ್ಬ ನಿಂತಿತು. ದಾರಿ ಬಿಟ್ಟರು. ನಮ್ಮ ಹಿಂದಿನ ಬಸ್ಸಿಗೆ ಬೈಗುಳ ಮತ್ತೆ ಶುರುವಾದದ್ದು ನನಗೆ ಕೇಳುತ್ತಿತ್ತು. ದೇವರಿಗೂ ಸಿಗದ ರಿಯಾಯಿತಿ ನನಗೆ ಸಿಕ್ಕಿತ್ತು. ಮುಂದಿನ ವರ್ಷ ಅದೇ, ಅದರ ಮುಂದಿನ ವರ್ಷವೂ ಅದೇ. ಆಮೇಲೆ ನಾನು ಹಬ್ಬದ ದಿನ ಆ ರಸ್ತೆಗೆ ಹೋಗುವುದನ್ನೇ ಬಿಟ್ಟೆ. ಮನೆಯಲ್ಲಿ ಕಾರಣ ಕೇಳಿದರು. ಬ್ಯಾರನ್ ರಿಪೇರಿ ಎಂದೆ. “ಬ್ಯಾರನ್ ಕೆಡೋದೂ ಹಬ್ಬ ನೋಡ್ಕೊಂಡಾ?” ಎಂದಳು ಮನೆಯವಳು.

ಅಷ್ಟಕ್ಕೇ ನಿಂತಿದ್ದರೆ ನನ್ನ ಸುಳ್ಳು ನನ್ನೊಬ್ಬನ ಹೊಟ್ಟೆನೋವಾಗಿ ಇರುತ್ತಿತ್ತು. ಆದರೆ ಕೆಲವು ವರ್ಷದ ಮೇಲೆ, ಕಾಡಿನ ಜನಕ್ಕೆ ಅವರು ತಲೆಮಾರುಗಳಿಂದ ಇದ್ದ ಜಾಗದ ಹಕ್ಕು ಕೊಡುವ ಅರಣ್ಯ ಹಕ್ಕಿನ ಕಾನೂನು ಬಂದು, ಎಲ್ಲ ಹಾಡಿಗಳಲ್ಲಿ ಅರ್ಜಿ ತೆಗೆದುಕೊಳ್ಳಲು ಶುರು ಮಾಡಿದರು. ಬೇರೆ ಹಾಡಿಯವರು ಕಾಡೊಳಗಿನ ತಮ್ಮ ಹಳೇ ಜಾಗಕ್ಕೂ ಅರ್ಜಿ ಕೊಟ್ಟರು. ಈ ಹಾಡಿಯವರು ಕೊಡಲಿಲ್ಲ. ರಸ್ತೆ ಪಕ್ಕದ ಗುಡಿಸಲಿನ ಜಾಗಕ್ಕಷ್ಟೇ ಕೊಟ್ಟರು. ಬರೆದುಕೊಳ್ಳಲು ಹೋದವರು ಕೇಳಿದ್ದಕ್ಕೆ ಯಜಮಾನಿ, “ಒಳಗಿನ ಜಾಗದ ಮಾತು ದಿಲ್ಲೀಲೇ ಆಗೋಗದೆ. ನಮ್ ಮೆಂಬ್ರು ಆಡವ್ರೆ. ಅದು ಅಲ್ಲಿಂದ್ಲೇ ಬತ್ತದೆ,” ಎಂದಳಂತೆ. ಈ ಸುದ್ದಿ ನನ್ನ ಕಿವಿಗೆ ಬಿದ್ದಾಗ ನಾನು ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಅವರು ದಿಲ್ಲಿಯ ದಾರಿ ನೋಡುತ್ತಲೇ ಇದ್ದರು.

ಹೋದ ವರ್ಷ ಮಳೆಗಾಲದಲ್ಲಿ ಯಜಮಾನಿಯಿಂದ ಹೇಳಿಕೆ ಬಂತು. ಕಾದು ಸಾಕಾಗಿ, ಹಳೇ ಜಾಗಕ್ಕೆ ಅರ್ಜಿ ಹಾಕಲು ಗ್ರಾಮಸಭೆ ಸೇರಿಸಿದ್ದೇವೆ. ಅಧಿಕಾರಿಗಳೂ ಬರುತ್ತಾರೆ. ಅಲ್ಲಿ ಹಾಡಿ ಇತ್ತು ಎನ್ನುವುದಕ್ಕೆ ಹಿರಿಯರ ಹೇಳಿಕೆಯೂ ಸಾಕ್ಷಿಯಾಗುತ್ತದಂತೆ. ನೀವು ಬಂದು ದಿಲ್ಲಿಯಲ್ಲಿ ಆಡಿದ್ದನ್ನೇ ಇವರ ಮುಂದೆಯೂ ಆಡಬೇಕು. ಇಷ್ಟು ವಿಷಯ.

ಈ ಸುದ್ದಿ ನಮ್ಮ ಪಕ್ಷದ ತಾಲ್ಲೂಕು ಅಧ್ಯಕ್ಷನಿಗೂ ಹೋಯಿತು. ನಲವತ್ತರ ಆಸುಪಾಸಿನವನು, ಮೊಬೈಲ್ ಅಂಗಡಿ ಇದೆ. ಸತ್ತ ಪಕ್ಷಕ್ಕೆ ಉಸಿರು ಬಂತೆಂದು ಕುಣಿದುಬಿಟ್ಟ. ನನ್ನ ಹಳೇ ಫೋಟೋ ಹಾಕಿ ‘ಸಂಸತ್ತಿನಲ್ಲಿ ಮೊಳಗಿದ ಕಾಡಿನ ದನಿ’ ಎಂದು ಬ್ಯಾನರ್ ಬರೆಸಿ, ಅದನ್ನು ಸುರುಳಿ ಸುತ್ತಿಕೊಂಡು ಭಾಯಿಯ ಅಂಗಡಿಗೇ ಬಂದ. ನಾನು ಅಲ್ಲೇ ಕೂತಿದ್ದೆ. ಬ್ಯಾನರ್ ಬಿಡಿಸಿ ತೋರಿಸಿದ. ಆಗ ನಿಜ ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಹೇಳಿದ್ದು ಅವನಿಗೆ, ಅದೂ ಆ ಬ್ಯಾನರಿನ ಮೇಲಿನ ಸಿಟ್ಟಿಗೆ.

ಅವನು ಬ್ಯಾನರಿನ ಸುಕ್ಕು ಸವರಿದ. ಆಮೇಲೆ, “ಆಗಿದ್ದಾಯ್ತು ಬುಡಿ ಅಣ್ಣ. ಒಂದ್ಸಲ ಆಡಿದೆ ಅಂದಿದ್ದೀರಿ, ಇನ್ನೊಂದ್ಸಲ ಅನ್ನಿ. ದಿಲ್ಲೀಗೆ ಹೋಗಿ ಯಾರ್ ನೋಡ್ತಾರೆ?” ಎಂದ.

“ನಾನು ನೋಡಿದ್ದೆ,” ಎಂದ ಭಾಯಿ. ಕೈಯಲ್ಲಿದ್ದ ಹಲಗೆಗೆ ಉಜ್ಜುಗೊರಡು ಹೊಡೆಯುತ್ತಲೇ ಇದ್ದ. “ಗ್ಯಾಲರೀಲಿ ಕೂತಿದ್ದೆ ಕಣಪ್ಪ. ಹಾರನಳ್ಳಿ ಹೋಬ್ಳೀಗೂ ನಮಸ್ಕಾರ ಹಾಕ್ದ. ಅವ್ರಿಗೆ ಮಾತ್ರ ಹಾಕ್ಲಿಲ್ಲ.”

“ನೀವು ಸುಮ್ನಿರಿ ಸಾಬ್ರೆ. ಅಣ್ಣ, ಯೋಚ್ನೆ ಮಾಡಿ. ಈಗ ಹೋಗಿ ಸುಳ್ಳು ಅಂದ್ರೆ ನಿಮ್ಗೇನಲ್ಲ, ಅವ್ರ ಅರ್ಜಿಗೇ ಪೆಟ್ಟು. ಪಾಪ, ಅವ್ರ ಬಾಯಿಗೆ ನೀವೇ ಮಣ್ಣಾಕ್ತೀರಾ?”

ಈ ಮಾತು ನನ್ನನ್ನು ಒಂದು ಗಳಿಗೆ ಹಿಡಿದು ನಿಲ್ಲಿಸಿತು. ಅವರ ಒಳ್ಳೆಯದಕ್ಕೇ ಸುಳ್ಳು ಹೇಳು ಎನ್ನುವುದು ಎಷ್ಟು ಚೆಂದದ ಮಾತು. ಅಂಥ ಮಾತುಗಳನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿರಲಿಲ್ಲ? ಬ್ಯಾನರ್ ಮಡಿಸು ಎಂದೆ. ಮಡಿಸಲಿಲ್ಲ. “ಪಕ್ಷದ ಮರ್ಯಾದೆ ಅಣ್ಣ,” ಎಂದ. “ಇದ್ರೆ ತಾನೆ,” ಎಂದ ಭಾಯಿ.

ಸಭೆಯ ಹಿಂದಿನ ದಿನ ನಾನೊಬ್ಬನೇ ಬಸ್ಸು ಹತ್ತಿ ಹಾಡಿಗೆ ಹೋದೆ. ಸಭೆಯಲ್ಲಿ ಎಲ್ಲರ ಮುಂದೆ ಹೇಳುವ ಮೊದಲು ಅವಳಿಗೆ ಹೇಳಬೇಕಿತ್ತು. ಯಜಮಾನಿ ಗುಡಿಸಲ ಮುಂದೆ ಕೂತು ಬಿದಿರ ಕಳಲೆ ಹೆಚ್ಚುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು.

“ನಿಮ್ಮ ಮಾತು ನಾನು ಅಲ್ಲಿ ಆಡಲಿಲ್ಲ ತಾಯಿ,” ಎಂದೆ.

“ಎಲ್ಲಿ?”

“ದಿಲ್ಲಿಯಲ್ಲಿ. ಆಡಿದೆ ಅಂದೆನಲ್ಲ, ಆಡಲಿಲ್ಲ.”

ಕತ್ತಿ ನಿಲ್ಲಲಿಲ್ಲ. ಇದ್ದ ಕಳಲೆಯನ್ನು ಪೂರ್ತಿ ಹೆಚ್ಚಿ, ನೀರಿಗೆ ಹಾಕಿ, ಕೈ ತೊಳೆದಳು.

“ನನ್ ತಮ್ಮ ಸಾಯೋವಾಗ ಒಳಕ್ಕೆ ಎತ್ಕೊಂಡೋಗಿ ಅಂದ,” ಎಂದಳು. “ಅಪ್ಪನ ಪಕ್ಕ ಮಲಗ್ತೀನಿ ಅಂದ. ನಾನು, ತಡ್ಕಳ್ಳಾ, ದಿಲ್ಲೀಲಿ ಮಾತಾಗದೆ, ಕಾಗ್ದ ಬಂದ್ಮೇಲೆ ಎಲ್ರೂ ನಡ್ಕೊಂಡೇ ಹೋಗಾನ ಅಂದೆ. ಇಲ್ಲೇ ರಸ್ತೆ ಪಕ್ಕ ಹೂತ್ವಿ. ಲಾರಿ ಓಡಾಡೋ ತಾವು.”

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಬಯ್ದಳು. ಹಬ್ಬದ ಬೈಗುಳದಲ್ಲಿ ನಗು ಇರುತ್ತದೆ, ಇದರಲ್ಲಿ ಇರಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನಗೆ ಕೊಟ್ಟದ್ದು. ನಾನು ತಲೆ ತಗ್ಗಿಸಲಿಲ್ಲ. ಅವಳ ಮುಖ ನೋಡಿಕೊಂಡೇ ಪೂರ್ತಿ ಕೇಳಿದೆ. ಅಷ್ಟಾದರೂ ಮಾಡಬೇಕಿತ್ತು.

ಬಯ್ದು ಮುಗಿಸಿ, ಎಲೆ ಅಡಿಕೆ ಹಾಕಿಕೊಂಡಳು. ನನಗೆ ಕೊಡಲಿಲ್ಲ.

“ಸರಿ, ದಿಲ್ಲಿ ಬುಡಿ. ನಿಮ್ ಗಾಡಿ ಅಚ್ಚು ಮುರ್ದಿತ್ತಲ್ಲ, ನಮ್ಮಪ್ಪ ಮತ್ತಿ ಮರ ಕಡ್ದು ಅಚ್ಚು ಕಟ್ಕೊಟ್ನಲ್ಲ. ಅದು ಆದದ್ದು ಎಲ್ಲಿ?”

ಮರೆತಿರಲಿಲ್ಲ. ಮೀಸೆ ಮೂಡುತ್ತಿದ್ದ ಕಾಲ. ಬ್ಯಾರನ್ನಿಗೆ ಸೌದೆ ತರಲು ಎತ್ತಿನ ಗಾಡಿ ಕಟ್ಟಿಕೊಂಡು ಕಾಡೊಳಗೆ ಹೋದಾಗ, ಹೇರು ಹೆಚ್ಚಾಗಿ ಅಚ್ಚು ಮುರಿದಿತ್ತು. ಅವರ ಹಳೇ ಹಾಡಿಯಲ್ಲೇ ಉಳಿದುಕೊಂಡೆ. ಹಾಡಿಯ ನಡುವೆ ಕಲ್ಲಿನ ದೇವರು, ಪಕ್ಕದಲ್ಲಿ ಎರಡು ಮಾವಿನ ಮರ, ಇಳಿಜಾರಿನಲ್ಲಿ ರಾಗಿ, ಕೆಳಗೆ ಹಳ್ಳ. ಹಳ್ಳದ ಆಚೆ ದಡದಲ್ಲಿ ಅವರ ಹಿರಿಯರನ್ನು ಹೂತ ಜಾಗ. ಅಚ್ಚು ಸಿದ್ಧವಾಗುವವರೆಗೆ ನಾನು ಉಂಡದ್ದು ಅವರ ಗೆಣಸನ್ನೇ.

“ಹಳೇ ಹಾಡಿಯಲ್ಲಿ,” ಎಂದೆ.

“ಅದನ್ನ ಬಂದು ಹೇಳಿ.”

“ಅದನ್ನು ಹೇಳಿದರೆ ನಾನು ಕಾಡೊಳಗೆ ಯಾಕೆ ಹೋಗಿದ್ದೆ ಅಂತ ಕೇಳ್ತಾರೆ.”

“ಕೇಳ್ಲಿ,” ಎಂದು ಅವಳು ಎದ್ದು ಒಳಗೆ ಹೋದಳು.

ಮಾರನೆಯ ದಿನ ಅಂಗನವಾಡಿಯ ಮುಂದೆ ಸಭೆ. ಬ್ಯಾನರ್ ನಾನು ಹೋಗುವ ಮೊದಲೇ ಎರಡು ಮರದ ನಡುವೆ ಏರಿತ್ತು. ತಾಲ್ಲೂಕು ಅಧ್ಯಕ್ಷ ಮೊಬೈಲ್ ಹಿಡಿದು ನಿಂತಿದ್ದ. ಪಂಚಾಯಿತಿ ಕಾರ್ಯದರ್ಶಿ ಬರೆದುಕೊಳ್ಳಲು ಕೂತಿದ್ದರು, ಪಕ್ಕದಲ್ಲಿ ಅರಣ್ಯ ಇಲಾಖೆಯ ಒಬ್ಬ ಯುವ ಅಧಿಕಾರಿ. ಹಾಡಿಯ ಜನ ನೆಲದ ಮೇಲೆ ಕೂತಿದ್ದರು. ಭಾಯಿ ಜೀಪಿಗೆ ಒರಗಿ ನಿಂತಿದ್ದ.

ನನ್ನನ್ನು ಕರೆದರು. ಎದ್ದು ನಿಂತು, ಯಾರಿಗೂ ನಮಸ್ಕಾರ ಹೇಳದೆ ವಿಷಯಕ್ಕೆ ಬಂದೆ. “ಈ ಬ್ಯಾನರಿನಲ್ಲಿ ಬರೆದಿರೋದು ಸುಳ್ಳು. ನಾನು ಪಾರ್ಲಿಮೆಂಟಿನಲ್ಲಿ ಇವರ ಮಾತು ಆಡಲಿಲ್ಲ. ಆಡಿದೆ ಅಂತ ಇವರಿಗೆ ಸುಳ್ಳು ಹೇಳಿದೆ. ಅದನ್ನು ನಂಬಿಯೇ ಇವರು ಇಷ್ಟು ವರ್ಷ ಅರ್ಜಿ ಕೊಡಲಿಲ್ಲ. ತಡವಾದದ್ದು ಇವರ ತಪ್ಪಲ್ಲ, ನನ್ನದು. ಹಾಗಂತ ಬರ್ಕೊಳ್ಳಿ.”

ಹಾಡಿಯ ಹುಡುಗರ ಕಡೆಯಿಂದ ಗದ್ದಲ ಎದ್ದಿತು. ಒಬ್ಬ ನನ್ನ ಕಡೆಗೇ ನುಗ್ಗಿ ಬಂದ. ಯಜಮಾನಿ ಕೂತಲ್ಲಿಂದಲೇ, “ಕುತ್ಕಳ್ಳಾ. ಇನ್ನೂ ಮುಗ್ದಿಲ್ಲ,” ಎಂದಳು. ಅಧ್ಯಕ್ಷ ಬಂದು ನನ್ನ ತೋಳು ಹಿಡಿದು, “ವಯಸ್ಸಾಗದೆ ಸಾರ್, ಏನೇನೋ ಮಾತಾಡ್ತಾರೆ,” ಎಂದು ಅಧಿಕಾರಿಗೆ ಹೇಳಿದ. ಕೈ ಕೊಡವಿಕೊಂಡೆ.

ಆಮೇಲೆ ಹಳೇ ಹಾಡಿಯನ್ನು ಹೇಳಿದೆ. ಕಲ್ಲಿನ ದೇವರು, ಮಾವಿನ ಮರ, ರಾಗಿ, ಹಳ್ಳ, ಹೂತ ಜಾಗ. ಗಂಟೆ ಹೊಡೆಯುವವರು ಯಾರೂ ಇರಲಿಲ್ಲ.

ಅರಣ್ಯದ ಅಧಿಕಾರಿ ಮರ್ಯಾದೆಯಿಂದಲೇ ಕೇಳಿದರು. “ಅದು ಆಗಲೂ ರಿಸರ್ವ್ ಫಾರೆಸ್ಟ್ ಸಾರ್. ನೀವು ಅಲ್ಲಿಗೆ ಯಾಕೆ ಹೋಗಿದ್ರಿ?”

“ಸೌದೆ ಕಡಿಯೋಕೆ.”

“ಪರ್ಮಿಟ್ ಇತ್ತಾ?”

“ಇರಲಿಲ್ಲ. ಕದ್ದು ಕಡಿದೆ.”

ಕಾರ್ಯದರ್ಶಿ ಬರೆದು ಮುಗಿಸಿ ಓದಿ ಹೇಳಿದರು. ‘ಉರುವಲು ಸಂಗ್ರಹಿಸುವ ಸಲುವಾಗಿ ಹೋಗಿದ್ದು’ ಎಂದು ಬರೆದಿದ್ದರು. ನನ್ನ ಮಾನ ಕಾಪಾಡಿದ್ದರು, ಪಾಪ. “ಸಂಗ್ರಹ ಅಲ್ಲ ಸ್ವಾಮಿ, ಕಳ್ಳತನ. ತಿದ್ದಿ,” ಎಂದೆ. ತಿದ್ದಿದರು. ಸಹಿ ಹಾಕಿದೆ. ಯಜಮಾನಿ ನನ್ನ ಕಡೆ ನೋಡದೆಯೇ, “ಆಯ್ತು, ಸರ್ಕೊಳ್ಳಿ. ಇನ್ನೊಬ್ರು ಏಳ್ಲಿ,” ಎಂದಳು. ನಾನು ಸರಿದು ಕೂತೆ.

ಅರ್ಜಿ ಈಗ ಮೇಲಿನ ಸಮಿತಿಯಲ್ಲಿದೆ. ಎರಡು ಸಲ ವಿಚಾರಣೆಗೆ ಕರೆದರು, ಎರಡು ಸಲವೂ ಹೋಗಿ ಅದನ್ನೇ ಹೇಳಿ ಬಂದೆ. ಯಜಮಾನಿ ನನ್ನೊಂದಿಗೆ ಬೇಕಾದಷ್ಟು ಮಾತ್ರ ಮಾತಾಡುತ್ತಾಳೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ಕಡಿದ ಮರಕ್ಕೆ ಈಗಲೂ ಕೇಸು ಹಾಕಬಹುದು, ಮುದಿ ವಯಸ್ಸಲ್ಲಿ ಕೋರ್ಟು ಅಲೀತೀರಿ ಎಂದು ತಾಲ್ಲೂಕು ಅಧ್ಯಕ್ಷ ಹೇಳಿ ಕಳಿಸಿದ್ದಾನೆ. ಹಾಕಲಿ. ಹಾಕಬೇಕಾದರೆ ಎಲ್ಲಿ ಕಡಿದೆ ಎಂದು ಬರೆಯಬೇಕು. ಬರೆದ ಮೇಲೆ, ಅಲ್ಲಿ ಯಾರಿದ್ದರು, ಯಾರು ನೋಡಿದರು ಎಂದು ಕೇಳಲೇಬೇಕು. ಆಗ ಕಟಕಟೆಯಲ್ಲಿ ನಿಂತು ಇನ್ನೊಂದು ಸಲ ಹೇಳುತ್ತೇನೆ, ಅಲ್ಲಿ ಅವರಿದ್ದರು ಎಂದು.